ಮಗಳು ಬರೆದ ಶುದ್ಧ ಭಾಷೆ

ಓಸ್ಲೋದಲ್ಲಿರುವ ಮಗಳು ಗುನ್ವರ್ ಕಳಿಸಿದ ಸಂದೇಶದಲ್ಲಿ ಒಂದು ತಪ್ಪೂ ಇರಲಿಲ್ಲ. ನನಗೆ ಭಯ ಶುರುವಾದದ್ದೇ ಅದಕ್ಕೆ.

‘ನಾನು ಚೆನ್ನಾಗಿದ್ದೇನೆ. ಈ ವಾರ ಊರಿಗೆ ಬರುವುದಿಲ್ಲ. ದಯವಿಟ್ಟು ಚಿಂತಿಸಬೇಡಿ.’

ನಾರ್ವೆಯ ಕರಾವಳಿಯ ನಮ್ಮ ಫ್ಯೋರ್ಡಿನ ಕಡೆ ಮನೆಯವರಿಗೆ ಯಾರೂ ಹೀಗೆ ಬರೆಯುವುದಿಲ್ಲ. ಬಾಯಲ್ಲಿ ಹೇಗೆ ಬರುತ್ತದೋ ಮೊಬೈಲಿನಲ್ಲೂ ಹಾಗೇ. ಪುಸ್ತಕದ ಭಾಷೆ ಏನಿದ್ದರೂ ಶಾಲೆಗೆ, ತೆರಿಗೆ ಕಚೇರಿಗೆ. ಅದರಲ್ಲೂ ಇದು ಓಸ್ಲೋದವರ ಪುಸ್ತಕದ ಭಾಷೆ, ನಮ್ಮ ಶಾಲೆಯಲ್ಲಿ ಕಲಿಸುವ ಬರಹವೇ ಬೇರೆ.

ಗಂಡ ಸ್ಟೈನಾರ್‌ಗೆ ತೋರಿಸಿದೆ. ಅವನು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಓದಿದ.

“ಓಸ್ಲೋದವಳಾಗ್ಬಿಟ್ಟಿದಾಳೆ ಬಿಡು. ಜೊತೆಗಿರೋ ಆ ಯೋಆಕಿಮ್‌ಗೆ ನಮ್ಮ ಮಾತು ಅಂದ್ರೆ ನಗು. ಅವನೇ ತಿದ್ದಿರ್ಬೇಕು.”

“ಅವನ ಹತ್ರ ಹೇಗಾದ್ರೂ ಮಾತಾಡ್ಲಿ. ನನ್ನ ಹತ್ರ ಯಾಕೆ?”

“ನಿಂಗೆ ಎಲ್ಲದಕ್ಕೂ ಹೆದ್ರಿಕೆ ಕಣೇ. ತಿನ್ನು, ಮೀನು ಆರೋಗತ್ತೆ.”

ಫೋನ್ ಮಾಡಿದೆ, ಎತ್ತಲಿಲ್ಲ. ‘ಅಜ್ಜಿ ಮಂಡಿ ಮತ್ತೆ ಊದ್ಕೊಂಡಿದೆ ಕಣೇ, ನಿನ್ನೇ ಬೈತಾ ಕೂತಿದಾಳೆ’ ಎಂದು ಬರೆದೆ. ತಕ್ಷಣ ಉತ್ತರ ಬಂತು: ‘ತಿಳಿಸಿದ್ದಕ್ಕೆ ಧನ್ಯವಾದಗಳು. ಅವರಿಗೆ ನನ್ನ ಶುಭಾಶಯಗಳು.’

ಅಜ್ಜಿಗೆ ಶುಭಾಶಯವಂತೆ! ತಟ್ಟೆ ಪಕ್ಕಕ್ಕೆ ತಳ್ಳಿದೆ.

ಓಸ್ಲೋದಲ್ಲೇ ಇರುವ ನನ್ನ ಅಕ್ಕನ ಮಗಳು ಸಿಗ್ರುನ್‌ಗೆ ಫೋನ್ ಹಚ್ಚಿದೆ.

“ಈಗ್ಲೇ ಗುನ್ವರ್ ಮನೆಗೆ ಹೋಗು. ಅಜ್ಜಿಗೆ ಸೀರಿಯಸ್ ಅಂತ ಹೇಳು. ಅವಳನ್ನ ಕರ್ಕೊಳ್ದೆ ಆಚೆ ಬರ್ಬೇಡ.”

“ಚಿಕ್ಕಮ್ಮ, ಏನೂ ಇಲ್ದಿದ್ರೆ?”

“ಮಗಳು ನನ್ನ ಮುಖ ನೋಡಲ್ಲ ಅಷ್ಟೇ ತಾನೆ. ಹೋಗು.”

ಹೇಳುವಾಗ ಧೈರ್ಯವಿತ್ತು. ಫೋನ್ ಇಟ್ಟ ಮೇಲೆ ಅದು ಉಳಿಯಲಿಲ್ಲ. ಮೊದಲೇ ದೂರವಾಗಿರುವ ಮಗಳ ಬಾಗಿಲಿಗೆ ಬೇಹುಗಾರ್ತಿಯನ್ನು ಕಳಿಸಿದ ತಾಯಿಯಾದೆನಲ್ಲ! ಇಲ್ಲ, ಸುಮ್ಮನೆ ಕೂತಿದ್ದರೆ ಇನ್ನೇನಾಗುತ್ತಿತ್ತೋ. ಕಿಟಕಿಗೂ ಮೇಜಿಗೂ ಓಡಾಡಿದೆ. ಸ್ಟೈನಾರ್ ತಟ್ಟೆ ತೊಳೆದ, ಕಾಫಿ ಬಗ್ಗಿಸಿದ, ಆದರೆ ಅವನೂ ಕುಡಿಯಲಿಲ್ಲ.

ಸಿಗ್ರುನ್‌ಳ ನಂಬರಿನಿಂದ ಕರೆ ಬಂದಾಗ ಸ್ಪೀಕರ್ ಹಾಕಿದೆ. ಟ್ರಾಮಿನ ಸದ್ದು. ಆಮೇಲೆ ಅಳು. ಆಮೇಲೆ ನಮ್ಮೂರ ಮಾತು.

“ಅಮ್ಮಾ, ಚಪ್ಲಿನೂ ಹಾಕ್ಕೊಳ್ದೆ ಬಂದ್ಬಿಟ್ಟೆ. ಯೋಆಕಿಮ್ ದಿನಾ ಹೊರಗಿಂದ ಬಾಗ್ಲಿಗೆ ಬೀಗ ಹಾಕ್ಕೊಂಡು ಹೋಗ್ತಿದ್ದ. ಇವತ್ತು ಮನೇಲೇ ಇದ್ದ, ಅಜ್ಜಿಗೆ ಸೀರಿಯಸ್ ಅಂದ್ಮೇಲೆ ತಡೀಲಿಲ್ಲ. ನಾನು ಏನು ಬರ್ದ್ರೂ ಪಕ್ಕದಲ್ಲೇ ಕೂತು ಓದ್ತಿದ್ದ.”

“ಅವನೇ ಹಾಗೆ ಬರೆಸಿದ್ನಾ?”

“ಇಲ್ಲಮ್ಮ, ನಾನೇ ಬರ್ದೆ. ಏನೋ ತೊಂದ್ರೆ ಇದೆ ಅಂತ ನೀವು ಗುರ್ತು ಹಿಡೀಲಿ ಅಂತ. ಅವನು ಖುಷಿಪಟ್ಟ, ಈಗ ಮನುಷ್ಯರ ಥರ ಬರೀತೀಯ ಅಂದ.”

ಅವಳು ಮೂಗು ಒರೆಸಿಕೊಂಡಳು.

“ಸೋಮವಾರದಿಂದ ಅಪ್ಪಂಗೂ ಹಾಗೇ ಬರೀತಿದ್ದೆ. ಅಪ್ಪ ನೋಡ್ಲೇ ಇಲ್ವಾ?”

ನಾನು ಸ್ಟೈನಾರ್ ಕಡೆ ತಿರುಗಿದೆ.