ಪಿನ್ನರಿನ ಹಿಂದಿನ ಕೋಣೆ

ಶವಪೆಟ್ಟಿಗೆಯ ಮುಚ್ಚಳ ಎತ್ತಿ ಹಿಡಿದಿದ್ದ, ಅಂತ್ಯಕ್ರಿಯೆಯ ಕಂಪನಿಯ ಇಬ್ಬರು ಇಂಗ್ಲಿಷರು ಅದನ್ನು ಮತ್ತೆ ಗೋಡೆಗೆ ಒರಗಿಸಿದರು. ಸುಶೀಲಾಬಾಯಿ ಕೈ ಅಡ್ಡ ಹಿಡಿದಿದ್ದಳು. ಗಂಡ ಶಾಂತಪ್ಪನ ಹಣೆಯ ವಿಭೂತಿ ಒಂದು ಕಡೆ ಅಳಿಸಿತ್ತು. ಅದನ್ನು ಬೆರಳಿನಿಂದ ತಿದ್ದಿದಳು. ಆಮೇಲೆ ಅವನ ಕಿವಿಯ ಹಿಂದೆ ಸಿಕ್ಕಿಸಿದ್ದ, ಕೇಳಿಸುವ ಯಂತ್ರವನ್ನು ಮುಟ್ಟಿ ನೋಡಿದಳು. ಆಸ್ಪತ್ರೆಯವರು ತೆಗೆದು ಕೊಟ್ಟಿದ್ದನ್ನು ಮಗ ಪ್ರಸಾದ ಬೆಳಿಗ್ಗೆ ಮತ್ತೆ ಹಾಕಿದ್ದ. ಅದಿಲ್ಲದಿದ್ದರೆ ಅಪ್ಪ ಅಪ್ಪನ ಹಾಗೆ ಕಾಣುವುದಿಲ್ಲ ಎಂದಿದ್ದ.

"ತೆಗೀಲೇನ್ರಿ ಅಕ್ಕಾರ?" ಎಂದು ಪಕ್ಕದಲ್ಲಿದ್ದ ಗಿರಿಜಾದೇವಿ ಕೇಳಿದಳು.

"ತೆಗಿ. ಹಾಕ್ಕೊಂಡಾಗರ ನನ್ನ ಮಾತು ಎಷ್ಟು ಕೇಳಿಸ್ಕೊಂಡಾರ."

ಗಿರಿಜಾದೇವಿ ತೆಗೆದು ಪ್ರಸಾದನ ಕೈಗೆ ಕೊಟ್ಟಳು. ಅವಳ ಗಂಡ ಶರಣಪ್ಪ ತಲೆಯ ಕಡೆ ನಿಂತು ಮಂತ್ರ ಓದುತ್ತಿದ್ದ. ಅವನೇನು ಅಯ್ಯನವರಲ್ಲ. ಕಲಬುರಗಿಯ ಕಡೆಯವನು, ಹೀಥ್ರೂ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಶಾಂತಪ್ಪನ ಜೊತೆ ಹದಿನಾರು ವರ್ಷ ದುಡಿದವನು. ಬರ್ಮಿಂಗ್‌ಹ್ಯಾಮಿನಲ್ಲಿದ್ದ ಅಯ್ಯನವರು ಬರಲಾಗದೆ ಫೋನಿನಲ್ಲಿ ಹೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಹಿತ್ತಿಲ ಗೋಡೆಯಾಚೆ ಪ್ಯಾಡಿಂಗ್ಟನ್ ರೈಲು ಹಾದುಹೋಯಿತು. ಶರಣಪ್ಪ ಓದುವುದನ್ನು ನಿಲ್ಲಿಸಿದ. ಕಿಟಕಿಯ ಗಾಜು ನಡುಗಿ ಸುಮ್ಮನಾಗುವ ತನಕ ಕೋಣೆಯಲ್ಲಿದ್ದವರೆಲ್ಲ ಕಾದರು. ಆಮೇಲೆ ಅವನು ಬಿಟ್ಟ ಅಕ್ಷರದಿಂದಲೇ ಮುಂದುವರಿಸಿದ. ಲಂಡನ್ನಿನ ಅಂಚಿನ ಹೇಸ್‌ನ ಆ ಬೀದಿಯಲ್ಲಿ ಮಾತು ನಡೆಯುತ್ತಿದ್ದುದೇ ಹೀಗೆ. ಹಿಂದೆ ರೈಲು, ಮುಂದೆ ಗೋದಾಮಿನ ಲಾರಿಗಳು, ಮೇಲೆ ವಿಮಾನ. ಹುಟ್ಟುಹಬ್ಬದ ಹಾಡನ್ನೂ ಅಲ್ಲಿ ಮೂರು ತುಂಡು ಮಾಡಿ ಹಾಡುತ್ತಿದ್ದರು.

ಪೆಟ್ಟಿಗೆ ಹೊರಗೆ ಹೋಗಲು ದಾರಿ ಮಾಡಬೇಕೆಂದು ಮೇಜು ಸರಿಸಿದಾಗ ಅದರ ಮೇಲಿದ್ದ ವಕೀಲರ ಲಕೋಟೆ ಕೆಳಗೆ ಬಿತ್ತು. ಲಂಡನ್ನಿನದೇ ಇನ್ನೊಂದು ಬಡಾವಣೆ ಪಿನ್ನರಿನಲ್ಲಿ ಕೊಳ್ಳಬೇಕೆಂದಿದ್ದ ಮನೆಯ ಕರಾರುಪತ್ರ. ಶಾಂತಪ್ಪನ ಸಹಿ ಆಗಿತ್ತು. ಅದರ ಕೆಳಗೆ ಅವಳ ಹೆಸರು ಅಚ್ಚಾಗಿ, ಮುಂದಿನ ಗೆರೆ ಖಾಲಿ ಇತ್ತು. ಪ್ರಸಾದ ಅದನ್ನೆತ್ತಿ ಕಪಾಟಿನ ಮೇಲಿಟ್ಟು, "ಡೋಂಟ್ ವರಿ ಅಬೌಟ್ ದಿಸ್ ನೌ, ಅವ್ವ," ಎಂದ. ಚಿಂತೆ ಮಾಡಲು ಏನೂ ಉಳಿದಿರಲೂ ಇಲ್ಲ. ಬ್ಯಾಂಕಿನವರು ಒಪ್ಪಿದ್ದು ಶಾಂತಪ್ಪನ ನೌಕರಿ ನೋಡಿ. ಅವನಿಲ್ಲದ ಮೇಲೆ ಆ ಮನೆಯೂ ಇಲ್ಲ ಎಂದು ಹಿಂದಿನ ದಿನವೇ ಫೋನ್ ಬಂದಿತ್ತು.

\*

ಶಾಂತಪ್ಪ ಧಾರವಾಡದವನು. ಮುಂಬಯಿಯಲ್ಲಿ ಒಂದು ವಿಮಾನ ಕಂಪನಿಯ ಸರಕು ವಿಭಾಗದಲ್ಲಿದ್ದವನು ಎಂಬತ್ತೆಂಟರಲ್ಲಿ ಲಂಡನ್ನಿಗೆ ಬಂದ. ಹೇಸ್‌ನ ಮನೆ ಹಿಡಿದಾಗ ಪ್ರಸಾದನಿಗೆ ಹತ್ತು ವರ್ಷ. ಒಂದು ವರ್ಷ ಇಲ್ಲಿದ್ದು ಬೇರೆ ಕಡೆ ನೋಡೋಣ ಎಂದುಕೊಂಡಿದ್ದರು. ಬಾಡಿಗೆಯ ಮನೆಯಲ್ಲೇ ಹದಿನಾರು ವರ್ಷ ಕಳೆದುಹೋಯಿತು.

ಸುಶೀಲಾಬಾಯಿ ಮಾತಿನ ಹೆಂಗಸು. ಅಲ್ಲಿಯ ಪ್ರೈಮರಿ ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಅವಳದು. ಸಂಜೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅವತ್ತಿನದನ್ನೆಲ್ಲ ಗಂಡನಿಗೆ ಹೇಳುವಳು. ಯಾವ ಹುಡುಗ ಬಟಾಣಿಯನ್ನು ಜೇಬಿಗೆ ಹಾಕಿಕೊಂಡ, ಯಾವ ಹುಡುಗಿ ಅಮ್ಮ ಬೇಕೆಂದು ಅತ್ತಳು, ಹೆಡ್ ಟೀಚರ್ ಹೇಗೆ ಮೂಗು ಮುರಿದಳು. ಶಾಂತಪ್ಪ ಮುಂದಿನ ಕೋಣೆಯಲ್ಲಿ ಚಹಾ ಹಿಡಿದು ಕೂತು, ನಗಬೇಕಾದಲ್ಲಿ ನಗುತ್ತಿದ್ದ. ಆಡುತ್ತಿದ್ದುದು ಅವಳು, ನಗುತ್ತಿದ್ದುದು ಅವನು. ಅವರ ಸಂಸಾರ ಅಷ್ಟೇ, ಅಷ್ಟು ಸಾಕಾಗಿತ್ತು.

ತೊಂಬತ್ತಾರು ತೊಂಬತ್ತೇಳರ ಹೊತ್ತಿಗೆ ಅವನು ನಗಬಾರದಲ್ಲಿ ನಗತೊಡಗಿದ. ಆಮೇಲೆ ಎಲ್ಲದಕ್ಕೂ ಹೂಂ ಎಂದ. ಅಡಿಗೆಮನೆಯಿಂದ "ಏನ್ರೀ" ಎಂದು ಮೂರು ಸಲ ಕರೆದರೂ ಎದ್ದು ಬರದಾದ. ಆಗ ಅವಳು ತಾಟಿಗೆ ಸೌಟು ಬಡಿದು ಕರೆಯುವುದನ್ನು ಕಲಿತಳು. ಅದು ಕೇಳಿಸುತ್ತಿತ್ತು. ಒಂದು ದಿನ ಅವನು ಬಾಗಿಲಲ್ಲಿ ನಿಂತು, "ದನಾ ಕರದಂಗ ಕರೀತಿ ನನ್ನ," ಎಂದ. "ದನಾ ಆದ್ರ ಕರದ ಕೂಡ್ಲೆ ಬರ್ತಿತ್ತು," ಎಂದಳು. ಇಬ್ಬರೂ ನಗಲಿಲ್ಲ.

ಬಡಾವಣೆಯ ಡಾಕ್ಟರು ನೋಡಿದರು, ಆಸ್ಪತ್ರೆಗೆ ಕಳಿಸಿದರು, ಯಂತ್ರ ಬಂತು. ಶೆಡ್ಡಿನ ಗದ್ದಲದಲ್ಲಿ ಕಿವಿ ಸವೆದಿದೆ, ಇನ್ನೂ ಸವೆಯುತ್ತದೆ ಎಂದರು. ಯಂತ್ರ ಬಂದ ಮೇಲೆ ಎಲ್ಲ ಸರಿಹೋದೀತೆಂದು ಸುಶೀಲಾಬಾಯಿ ಅಂದುಕೊಂಡಿದ್ದಳು. ಆದರೆ ಶಾಂತಪ್ಪ ಕೆಲಸಕ್ಕೆ ಹೋಗುವಾಗ ಅದನ್ನು ಹಾಕಿಕೊಂಡು ಹೋಗಿ, ಮನೆಗೆ ಬಂದ ಕೂಡಲೇ ತೆಗೆದು ಚಹಾದ ಬಸಿಯಲ್ಲಿ ಇಡುತ್ತಿದ್ದ. ಮೇಸ್ತ್ರಿಯ ಮಾತು ಕೇಳಲು ಕಿವಿ ಬೇಕು, ನನ್ನ ಮಾತಿಗೆ ಬೇಡ ಎಂದು ಅವಳ ಮನಸ್ಸು ಮುರಿಯಿತು. ಸೌಟು ಬಡಿಯುವುದನ್ನೂ ಬಿಟ್ಟಳು. ತಾಟು ತಂದು ಅವನ ಮುಂದಿಟ್ಟು ಹೋಗುವಳು. ಶಾಲೆಯ ಸುದ್ದಿಗಳನ್ನು ಗಿರಿಜಾದೇವಿಗೆ ಫೋನಿನಲ್ಲಿ ಹೇಳುವಳು. ಹಾಗೆ ಆರು ವರ್ಷ ನಡೆಯಿತು.

\*

ಹಿಂದಿನ ವರ್ಷ ಲಂಡನ್ನಿನ ಕನ್ನಡಿಗರ ಯುಗಾದಿಯ ಕೂಟದಲ್ಲಿ ರಾಮಪ್ರಸಾದರು ಎಲ್ಲರೆದುರು, "ನೀವಿನ್ನೂ ಹೇಸ್‌ನಲ್ಲೇ ಇದ್ದೀರಾ?" ಎಂದು ಕೇಳಿದ್ದು ಅವಳಿಗೆ ನೆನಪಿತ್ತು. ಮೈಸೂರಿನ ಕಡೆಯ ಅವರು ಪಿನ್ನರಿನಲ್ಲಿ ಮನೆ ಮಾಡಿ ಇಪ್ಪತ್ತು ವರ್ಷವಾಗಿತ್ತು. ಅದಾದ ಮರುತಿಂಗಳಿಂದಲೇ ಶಾಂತಪ್ಪ ಭಾನುವಾರ ಭಾನುವಾರ ಮನೆ ನೋಡಲು ಹೊರಟ. ಎರಡನ್ನೂ ಅವಳು ಕೂಡಿಸಿಕೊಂಡಳು. ಇದು ಹಟದ ಮನೆ, ಇನ್ನೊಬ್ಬರಿಗೆ ತೋರಿಸಲು ಕೊಳ್ಳುವ ಮನೆ ಎಂದು ತೀರ್ಮಾನಿಸಿದಳು.

ಈ ವರ್ಷ ಜನವರಿಯ ಒಂದು ಭಾನುವಾರ ಅವನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಪಿನ್ನರಿಗೆ ಕರೆದೊಯ್ದ. ಗಿಡದ ಬೇಲಿಯನ್ನು ಒಪ್ಪವಾಗಿ ಕತ್ತರಿಸಿದ ಮನೆಗಳು, ಒಂದು ಬೆಕ್ಕು, ಒಂದು ಪೋಸ್ಟ್ ಡಬ್ಬಿ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಅವಳು ಇಳಿಯಲಿಲ್ಲ.

"ಒಂದ ಸಲ ಒಳಗ ಬಂದು ನೋಡು," ಎಂದು ಗೇಟು ತೆರೆದು ಹಿಡಿದು ಅವನು ಅಂದ.

"ರಾಮಪ್ರಸಾದರಿಗೆ ತೋರಸ್ಲಿಕ್ಕೆ ತಗೋಳೋ ಮನಿ. ನಾ ಯಾಕ ಬರ್ಲಿ? ಇಲ್ಲೆ ಸತ್ರೂ ಯಾರಿಗೂ ಗೊತ್ತಾಗಂಗಿಲ್ಲ."

ಅವನು ಗೇಟು ಬಿಟ್ಟು ಬಂದು ಕಾರಿನ ಕಿಟಕಿಗೆ ಬಗ್ಗಿದ. "ಏನಂದಿ?" ಎಂದ. ಅವಳು ಗಾಜು ಏರಿಸಿದಳು. ಅವನು ಒಬ್ಬನೇ ಒಳಗೆ ಹೋದ.

ಮಾರ್ಚಿನ ಎರಡನೆಯ ಮಂಗಳವಾರ ಬೆಳಿಗ್ಗೆ ಕರಾರುಪತ್ರವನ್ನು ಮೇಜಿನ ಮೇಲಿಟ್ಟು, ಅದರ ಮೇಲೊಂದು ಪೆನ್ನು ಇಟ್ಟು ಕೆಲಸಕ್ಕೆ ಹೋದ. ಅವಳು ಪೆನ್ನನ್ನು ಎತ್ತಿ ಡಬ್ಬಿಯೊಳಗೆ ಹಾಕಿ ಶಾಲೆಗೆ ಹೋದಳು. ಹನ್ನೊಂದು ಗಂಟೆಗೆ ಶರಣಪ್ಪ ಶಾಲೆಗೇ ಫೋನ್ ಮಾಡಿದ. ಶಾಂತಪ್ಪ ಸುಸ್ತೆಂದು ಸರಕಿನ ಒಂದು ಪೆಟ್ಟಿಗೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷ.

\*

ಸ್ಮಶಾನದ ಹುಲ್ಲು ರಾತ್ರಿಯ ಮಳೆಗೆ ಒದ್ದೆಯಾಗಿತ್ತು. ಊರಿನಲ್ಲಾಗಿದ್ದರೆ ಕೂರಿಸಿ ಮಣ್ಣು ಕೊಡುತ್ತಿದ್ದರು. ಇಲ್ಲಿ ಮಲಗಿಸಿಯೇ ಇಳಿಸಬೇಕು ಎಂದು ಶರಣಪ್ಪ ಎರಡು ಸಲ ಬೇಸರಪಟ್ಟ. ಪ್ರಸಾದ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ತಂದ ಬಿಲ್ವಪತ್ರೆ ಹಾಕಿ, ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಸುಶೀಲಾಬಾಯಿ. ಅವಳಿಗೆ ಅಳು ಬರಲಿಲ್ಲ. ಅಳು ಬರದಿರುವುದಕ್ಕೆ ನಾಚಿಕೆಯಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಜನ ಚದುರುವಾಗ, ಹಿಂದೆ ಹಸಿರು ಕೋಟು ತೊಟ್ಟು ನಿಂತಿದ್ದ ಎತ್ತರದ ಬಿಳಿ ಮುದುಕಿ ಮುಂದೆ ಬಂದಳು. ಕೈಯಲ್ಲಿ ತೋಟದಿಂದ ಕಿತ್ತ ಹಳದಿ ಹೂ. ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ರಾಮಪ್ರಸಾದರು ಮೆಲ್ಲಗೆ, "ಸುಶೀಲಮ್ಮ, ಇವರು ಮಿಸೆಸ್ ಡೆಕ್ಕರ್. ಆ ಮನೆ ಇವರದೇ. ನಮಗೆ ಎರಡು ಬೀದಿ ಆಚೆ," ಎಂದರು.

ಡೆಕ್ಕರ್ ಹುಟ್ಟಿ ಬೆಳೆದದ್ದು ಹಾಲೆಂಡಿನಲ್ಲಿ. ಮದುವೆಯಾಗಿ ಬಂದು ನಲವತ್ತು ವರ್ಷ ಪಿನ್ನರಿನಲ್ಲಿದ್ದು, ಗಂಡ ಹೋದ ಮೇಲೆ ತಂಗಿಯ ಊರಿಗೆ ಮರಳಲೆಂದು ಮನೆ ಮಾರಲು ಹೊರಟಿದ್ದಳು. ಸಾವಿನ ಸುದ್ದಿಯನ್ನು ಏಜೆಂಟ್ ಹೇಳಿದನಂತೆ. ಕರೆಯದೆ ಬಂದದ್ದಕ್ಕೆ ಕ್ಷಮೆ ಕೇಳಿದಳು. ಶಾಲೆಯ ಅಡಿಗೆಮನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಸುಶೀಲಾಬಾಯಿ, ಮನೆ ಕೊಳ್ಳಲಾಗುವುದಿಲ್ಲ, ನಿಮಗೆ ತೊಂದರೆಯಾಯಿತು ಎಂದಳು. ಡೆಕ್ಕರ್ ತಲೆಯಾಡಿಸಿದಳು. ತಾನು ಬಂದದ್ದು ಅದಕ್ಕಲ್ಲ. ತನ್ನ ಹತ್ತಿರ ಒಂದು ವಿಷಯ ಉಳಿದಿದೆ, ಅದನ್ನು ಒಪ್ಪಿಸದೆ ಹಾಲೆಂಡಿಗೆ ಹೋಗಲು ಮನಸ್ಸಿಲ್ಲ ಎಂದಳು.

ಅವಳು ಹೇಳಿದ್ದು ಹೀಗೆ. ಮೊದಲ ದಿನ ಬಂದ ಶಾಂತಪ್ಪ ಛಾವಣಿ ನೋಡಲಿಲ್ಲ, ಬಾಯ್ಲರ್ ಎಷ್ಟು ಹಳೆಯದು ಎಂದು ಕೇಳಲಿಲ್ಲ. ನೇರ ಹಿಂದಿನ ಕೋಣೆಗೆ ಹೋಗಿ ಕೂತ. ಆಮೇಲೆ ಬಹಳ ಸಂಕೋಚದಿಂದ, ನೀವು ಅಡಿಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಏನಾದರೂ ಹೇಳುತ್ತೀರಾ, ಕೂಗಬೇಡಿ, ಸಾದಾ ದನಿಯಲ್ಲಿ ಎಂದ. ಟೀ ಬೇಕೇ ಎಂದು ಅವಳು ಕೇಳಿದಳು. ಅವನು ಎದ್ದು ಬಂದು, ಅದಲ್ಲ, ಬೇರೆ ಒಂದು ಮಾತು ಇದೆ ಎಂದು ಅದನ್ನು ಕಲಿಸಿದ. ನಾಲ್ಕೈದು ಸಲ ತಿದ್ದಿದ.

"ಏನ್ರೀ," ಎಂದಳು ಡೆಕ್ಕರ್.

ನಾಲಿಗೆ ಪರದೇಶದ್ದು. ಆದರೆ ಕೊನೆಯಲ್ಲಿ ಎಳೆದ ಆ ರಾಗ ಸುಶೀಲಾಬಾಯಿಯದೇ ಆಗಿತ್ತು. ದೂರದಲ್ಲಿ ಮಾತಾಡುತ್ತಿದ್ದ ಶರಣಪ್ಪ ತಿರುಗಿ ನೋಡಿದ. ಗಿರಿಜಾದೇವಿ ಸುಶೀಲಾಬಾಯಿಯ ರಟ್ಟೆ ಹಿಡಿದುಕೊಂಡಳು.

ಸರಿಯಾಗಿ ಹೇಳಿದೆನೇ ಎಂದು ಡೆಕ್ಕರ್ ಕೇಳಿದಳು. ಸುಶೀಲಾಬಾಯಿ ಹೂಂ ಎಂದಳು.

ರೈಸ್ಲಿಪ್, ಈಸ್ಟ್‌ಕೋಟ್, ನಾರ್ತೋಲ್ಟ್ ಎಂದು ಹದಿನೆಂಟು ಮನೆಗಳನ್ನು ಅವನು ಹೀಗೇ ಪರೀಕ್ಷೆ ಮಾಡಿದ್ದನಂತೆ. ಏಜೆಂಟರು ತಲೆ ಕೆಟ್ಟಿದೆ ಅಂದುಕೊಂಡರಂತೆ. ಹತ್ತೊಂಬತ್ತನೆಯದರಲ್ಲಿ ಅವನಿಗೆ ಕೇಳಿಸಿತು. ಕೇಳಿಸಿದ ಮೇಲೆ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ನಂಬಿಕೆಯಾಗದೆ ಮುಂದಿನ ಭಾನುವಾರಗಳಲ್ಲೂ ಬಂದ. ಕಿಟಕಿ ತೆರೆದಾಗ, ನಲ್ಲಿ ಬಿಟ್ಟಾಗ, ಮಳೆ ಬರುವಾಗ. ಎಲ್ಲಾ ಸಲವೂ ಕೇಳಿಸಿತು.

"ಯಂತ್ರ ಹಾಕ್ಕೊಂಡಿದ್ರಾ?" ಎಂದು ಸುಶೀಲಾಬಾಯಿ ಕನ್ನಡದಲ್ಲೇ ಕೇಳಿಬಿಟ್ಟು, ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು.

ಹೌದು, ಹಾಕಿಕೊಂಡೇ ಇದ್ದ. ಹೇಸ್‌ನಲ್ಲಿ ಅದನ್ನು ಹಾಕಿಕೊಂಡರೆ ರೈಲು ತಲೆಯೊಳಗೇ ಬಂದ ಹಾಗಾಗಿ, ಹೆಂಡತಿಯ ಮಾತು ಅದರಡಿ ಸಿಕ್ಕಿ ಹೋಗುತ್ತದೆ ಎಂದಿದ್ದ. ತೆಗೆದಿಟ್ಟರೆ ಕಡೇಪಕ್ಷ ಅವಳ ತುಟಿ ನೋಡಿ ಅರ್ಧ ತಿಳಿದುಕೊಳ್ಳಬಹುದು. ಆದರೆ ಅವಳು ಒಲೆಯ ಕಡೆ ತಿರುಗಿ ಮಾತಾಡುವವಳು. ಮತ್ತೆ ಈಗೀಗ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಕಿವಿ ಪೂರ್ತಿ ಹೋಗುವ ಮೊದಲು ಎರಡು ಮೂರು ವರ್ಷ ಸಿಕ್ಕರೆ ಸಾಕು ಎಂದಿದ್ದ. ನಿಮ್ಮ ಹೆಂಡತಿಗೇ ಇದನ್ನು ಹೇಳಬಾರದೇ ಎಂದು ಡೆಕ್ಕರ್ ಕೇಳಿದ್ದಳು. ಹೇಳಿದರೆ ಅವಳು ನನಗೆ ಕೇಳಲಿ ಅಂತ ಜೋರಾಗಿ ಕರೆಯುತ್ತಾಳೆ, ನನಗೆ ಅದು ಬೇಡ ಎಂದನಂತೆ.

ಸುಶೀಲಾಬಾಯಿ ಆಗ ಅತ್ತಳು. ಸೆರಗು ಒತ್ತಿಕೊಳ್ಳಲಿಲ್ಲ.

ಆಮೇಲೆ ಮಗನ ಕಡೆ ತಿರುಗಿ, "ನನ್ನ ಆ ಮನಿಗೆ ಕರ್ಕೊಂಡು ಹೋಗು," ಎಂದಳು.

"ನೌ? ಅವ್ವ, ಇಟ್ಸ್ ಗಾನ್. ವಿ ಕಾಂಟ್ ಬೈ ಇಟ್."

"ಗೊತ್ತದ. ನೋಡಿ ಬರ್ತೀನಿ."

ಮಣ್ಣು ಕೊಟ್ಟು ನೆಟ್ಟಗೆ ಮನೆಗೆ ಹೋಗಿ ಸ್ನಾನ ಮಾಡಬೇಕು, ಇನ್ನೊಬ್ಬರ ಹೊಸ್ತಿಲು ತುಳಿಯಬಾರದು ಎಂದು ಶರಣಪ್ಪ ಹೇಳಿದ. ಅವನು ಹೇಳಿದ್ದು ತಪ್ಪಲ್ಲ. ಸುಶೀಲಾಬಾಯಿ ಡೆಕ್ಕರಳನ್ನೇ ಕೇಳಿದಳು: ಸಮಾಧಿಯಿಂದ ಬರುತ್ತಿದ್ದೇನೆ, ಮೈಲಿಗೆಯಲ್ಲಿದ್ದೇನೆ, ಒಳಗೆ ಬರಬಹುದೇ. ಡೆಕ್ಕರ್‌ಗೆ ಅದು ಅರ್ಥವಾಗಲಿಲ್ಲ. ಮಣ್ಣಾದ ಚಪ್ಪಲಿಗಳ ಬಗ್ಗೆ ಕೇಳುತ್ತಿದ್ದಾಳೆಂದು ತಿಳಿದು, ಪರವಾಗಿಲ್ಲ, ಬನ್ನಿ ಎಂದಳು.

\*

ರಾಮಪ್ರಸಾದರ ಕಾರು ಮುಂದೆ, ಪ್ರಸಾದನದು ಹಿಂದೆ. ಅವತ್ತಿನ ಗೇಟೇ. ಈ ಸಲ ಅವಳು ತಾನೇ ಕದ ತೆರೆದು ಇಳಿದಳು. ಪ್ರಸಾದ ಅವಳ ಹಿಂದೆ ಬಂದ, ಉಳಿದವರು ಹೊರಗೇ ನಿಂತರು.

ಒಳಗೆ ಅರ್ಧ ಸಾಮಾನು ರಟ್ಟಿನ ಡಬ್ಬಗಳಿಗೆ ಸೇರಿತ್ತು. ಗೋಡೆಯ ಮೇಲೆ ಪಟ ತೆಗೆದ ಕಡೆ ಬಣ್ಣ ಹೊಸದಾಗಿ ಕಾಣುತ್ತಿತ್ತು. ಅಡಿಗೆಮನೆ ಸಣ್ಣದು, ಒಲೆಯ ಮುಂದೆ ನಿಂತರೆ ಬೆನ್ನು ಹಿಂದಿನ ಕೋಣೆಗೆ ಬರುವ ಹಾಗಿತ್ತು. ಅವಳು ಅಲ್ಲಿ ಒಂದು ಗಳಿಗೆ ನಿಂತಳು. ಗೋಡೆ ಗಡಿಯಾರ ನಡೆಯುವುದು, ನಲ್ಲಿಯಿಂದ ಒಂದು ಹನಿ ಬೀಳುವುದು, ತನ್ನ ಬಳೆ ಒಂದಕ್ಕೊಂದು ತಾಗುವುದು, ಎಲ್ಲವೂ ಕೇಳಿಸಿತು. ಬಾಯಿ ತೆರೆದಳು. ಕರೆಯಲಾಗಲಿಲ್ಲ.

ಹಿಂದಿನ ಕೋಣೆ ಖಾಲಿಯಾಗಿತ್ತು. ತೋಟದ ಕಡೆಯ ಕಿಟಕಿಯ ಮುಂದೆ, ಕಾರ್ಪೆಟ್ಟಿನ ಮೇಲೆ ಬಿಳಿ ಅಂಟುಪಟ್ಟಿಯ ಎಂಟು ತುಂಡುಗಳಿದ್ದವು. ನಾಲ್ಕು ಒಂದು ಕಡೆ, ನಾಲ್ಕು ಇನ್ನೊಂದು ಕಡೆ, ನಡುವೆ ಒಂದು ಗೇಣು.

ಕೊನೆಯ ಭಾನುವಾರ ಬಂದಾಗ ಅವನೇ ಟೇಪು ಹಿಡಿದು ಅಳೆದು ಅಂಟಿಸಿದ್ದು, ಎರಡು ಕುರ್ಚಿಗಳ ಕಾಲಿಗೆ ಎಂದು ಡೆಕ್ಕರ್ ಹೇಳಿದಳು. ಬಲಗಡೆಯದು ತನ್ನದು, ಎಡಗಡೆಯದು ಹೆಂಡತಿಯದು ಎಂದು ತೋರಿಸಿದ್ದನಂತೆ. ಕಿತ್ತು ಹಾಕಲು ಕೈ ಬರಲಿಲ್ಲ, ಎಂದಳು.

ಎಡಗಿವಿ ಅವನಿಗೆ ಇನ್ನೂ ಸ್ವಲ್ಪ ಕೇಳಿಸುತ್ತಿತ್ತು.

ಸುಶೀಲಾಬಾಯಿ ಎಡಗಡೆಯ ನಾಲ್ಕು ತುಂಡುಗಳ ನಡುವೆ ಮೆಲ್ಲಗೆ ನೆಲಕ್ಕೆ ಕೂತಳು. ಡೆಕ್ಕರ್ ಅವಳನ್ನು ಅಲ್ಲೇ ಬಿಟ್ಟು ನೀರು ಕಾಯಿಸಲು ಹೋದಳು. ಬಾಗಿಲಲ್ಲಿ ನಿಂತಿದ್ದ ಪ್ರಸಾದ ಶೂ ಬಿಚ್ಚಿ ಒಳಗೆ ಬಂದ. ಬಲಗಡೆ ಅಪ್ಪನ ಜಾಗ ಖಾಲಿ ಇತ್ತು. ಅವನು ಅದನ್ನು ತುಳಿಯದೆ, ಗೋಡೆಯ ಪಕ್ಕದಿಂದ ಸುತ್ತು ಹಾಕಿ ಬಂದು, ಅವಳ ಎಡಕ್ಕೆ ಕೂತುಕೊಂಡ.