ಮಹಾಮಂತ್ರಿಯ ಬಾಗಿಲ ಮರಳು

ಮೊರದಲ್ಲಿದ್ದ ನವಣೆಯನ್ನು ಇನ್ನೊಮ್ಮೆ ಕೇರಿ, ತ್ಸೆನ್ ಅಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಹಲ್ಲಿಗೆ ಮತ್ತೆ ಮರಳೇ ಸಿಕ್ಕಿತು. ಗಂಡ ಗಾವ್ ಮ್ಯೆನ್ ಮಹಾಮಂತ್ರಿಯಾದ ದಿನ, ರಾಜಧಾನಿ ಚಾಂಗಾನಿನ ಪದ್ಧತಿಯಂತೆ, ಮನೆಬಾಗಿಲಿನಿಂದ ಅರಮನೆಯವರೆಗೂ ಮರಳು ಹಾಸಿದ್ದರು. ಅವನ ಕುದುರೆಗೆ ಕೆಸರು ತಾಗಬಾರದು. ಅಂದಿನಿಂದ ಅನ್ನದಲ್ಲೂ ಮರಳು, ಹಾಸಿಗೆಯಲ್ಲೂ ಮರಳು.

ಹೊರಗೆ ಗಾಡಿಗಳ ಸದ್ದಾಯಿತು. ಹೊಸ ಮರಳು ಬಂತೆಂದುಕೊಂಡು, ಮೊದಲ ದಿನದಂತೆಯೇ ಬಿಸಿ ಮದ್ಯ ಹಿಡಿದು ಹೋದಳು. ಗಾಡಿ ಹೊಡೆಯುವ ಮುದುಕ ದೌ ಒಂದೇ ಗುಟುಕಿಗೆ ಕುಡಿದು ತಲೆ ಕೆರೆದುಕೊಂಡ.

"ಕುಡಿದ ಮೇಲೆ ಹೇಳ್ತಿದೀನಿ, ಬೈಬೇಡಿ ಅಮ್ಮಾವ್ರೇ. ಹಾಕಕ್ಕೆ ಬಂದಿಲ್ಲ, ಬಾಚ್ಕೊಂಡು ಹೋಗಕ್ಕೆ ಬಂದಿದೀವಿ. ಇನ್ಮೇಲೆ ಚಿಯಾವ್ ದೊರೆಗಳೇ ಮಹಾಮಂತ್ರಿಯಂತೆ. ಈ ಮರಳು ಅವ್ರ ಬಾಗಿಲಿಗೆ ಹೋಗ್ಬೇಕು."

"ಏನಯ್ಯಾ ಇದು! ಬೆಳಿಗ್ಗೆ ತಾನೆ ಕುರಿ ಸಾರು ಮಾಡು ಅಂತ ಹೇಳಿ ಹೋದ್ರಲ್ಲ! ಏನು ತಪ್ಪು ಮಾಡಿದ್ರು?"

"ಯಾರಿಗ್ಗೊತ್ತು? ಒಬ್ರು ಸೆರೆಮನೆ ಅಂತಾರೆ, ಇನ್ನೊಬ್ರು ಗಡೀಪಾರು ಅಂತಾರೆ. ಸಂಜೆಗೆ ಸಿಪಾಯಿಗಳು ಬರ್ತಾರೆ. ಮನೆ ಹೆಂಗಸ್ರೆಲ್ಲ ಅರಮನೆ ಮಗ್ಗಕ್ಕೆ, ತೊತ್ತಾಗಿ. ಮದುವೆಗೆ ಒಪ್ಪಿಗೆ ಕಾಗದ ಗಂಡಿನ ಮನೆಗೆ ಕೊಟ್ಟ ಹುಡುಗೀರನ್ನ ಮಾತ್ರ ಮುಟ್ಟಲ್ಲ. ಅವ್ರು ಗಂಡನ ಮನೆಯೋರು."

ತ್ಸೆನ್ ಅಮ್ಮ ಒಳಗೆ ಬಂದಳು. ಯಾಕೆ ಬಂದೆನೆಂಬುದೇ ಮರೆತು ಮತ್ತೆ ಮೊರ ಹಿಡಿದಳು. ಸಾರಿಗೆ ಉಪ್ಪು ಹಾಕಿದಳು. ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಹಾಕಿದಳು. ಕಾಗದ ಎಂದರೆ, ಪೆಟ್ಟಿಗೆಯ ತಳದಲ್ಲಿದೆಯಲ್ಲ! ಮಗಳು ಯುನ್‌ನಿಯಾಂಗಳನ್ನು ಫಾನ್ ಮೇಷ್ಟ್ರ ಮಗನಿಗೆ ಕೊಡುತ್ತೇವೆಂದು ಗಂಡನೇ ಬರೆದು ಮುದ್ರೆಯೊತ್ತಿದ್ದ. ಬಾಗಿಲಿಗೆ ಮರಳು ಬಿದ್ದ ದಿನ, "ಮಹಾಮಂತ್ರಿ ಮಗಳು ಮೇಷ್ಟ್ರ ಮನೆಗಾ?" ಎಂದು ನಕ್ಕು ಒಳಗಿಟ್ಟಿದ್ದ.

"ಅಪ್ಪನ್ನ ಕೇಳದೇನಾ?" ಎಂದಳು ಮಗಳು, ಅಮ್ಮ ಕಾಗದ ಹೊರತೆಗೆಯುವುದನ್ನು ಕಂಡು.

"ಅವ್ರೇ ಬರೆದಿದ್ದು ಕಣೇ."

"ಬೇಡ ಅಂದಿದ್ದೂ ಅವ್ರೇ ಅಲ್ವಾ? ಯಾವುದು ಸರಿ?"

ತ್ಸೆನ್ ಅಮ್ಮನಿಗೂ ತಿಳಿಯಲಿಲ್ಲ. ಬೆಳಗಿನ ಗಂಡ ನಿಜವೋ, ಗಾಡಿಯವನ ಮಾತು ನಿಜವೋ; ಇಷ್ಟು ವರ್ಷ ಕಾಯಿಸಿದವರ ಹೆಣ್ಣನ್ನು ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ. ಕೈ ಮಾತ್ರ ಕಾಗದವನ್ನು ಬಿಡಲಿಲ್ಲ. ಬಾಗಿಲಿಗೆ ಬಂದಾಗ ಅರ್ಧ ರಸ್ತೆ ಆಗಲೇ ಬರಿ ಮಣ್ಣಾಗಿತ್ತು.

"ನದಿ ದಂಡೆಯ ಫಾನ್ ಮೇಷ್ಟ್ರು ಗೊತ್ತಾ?" ಎಂದು ಮುದುಕನನ್ನು ಕೇಳಿದಳು.

"ನಮ್ಮೂರೋರೇ! ಮಗನಿಗಿನ್ನೂ ಮದುವೆಯಾಗಿಲ್ಲ. ಮೂಗು ಸ್ವಲ್ಪ ಉದ್ದ, ಅಷ್ಟೇ."

ಅವಳು ಕಾಗದ ಚಾಚಿದಳು. ಮುದುಕ ಅದನ್ನು ಟೋಪಿಯೊಳಗಿಟ್ಟು, ತುಂಬಿದ ಗಾಡಿಯ ಎತ್ತುಗಳನ್ನು ಮೇಷ್ಟ್ರ ಹಳ್ಳಿಯತ್ತ ತಿರುಗಿಸಿದ.

"ಚಿಯಾವ್ ದೊರೆಗಳು ಒಂದು ಗಳಿಗೆ ಕೆಸರು ತುಳೀಲಿ ಬಿಡಿ," ಎಂದು ಹೊರಟೇಬಿಟ್ಟ.