ಒಂಟಿ ರೂಕ್

"ಅದನ್ನ ಊಟದ ಮೇಜಿನ ಮೇಲೆ ಇಡಬೇಡ," ಎಂದಳು ಥರ್ಜಾ.

ಡೊರೀನ್ ಆಗಲೇ ಇಟ್ಟುಬಿಟ್ಟಿದ್ದಳು. ಬ್ರೆಡ್ ಕೊಯ್ಯುವ ಹಲಗೆಯ ಪಕ್ಕದಲ್ಲಿ, ಹಳೆಯ ಪತ್ರಿಕೆಯ ಮೇಲೆ, ಅರ್ಧ ಬಿಚ್ಚಿದ ರೆಕ್ಕೆಯ ಕರಿಹಕ್ಕಿ ಮಲಗಿತ್ತು. ಬಂದೂಕು ಹಿಂದಕ್ಕೆ ಒದ್ದ ಪೆಟ್ಟಿನಿಂದ ಅವಳ ಬಲಭುಜ ಇನ್ನೂ ಸಿಡಿಯುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನಿಂದ ಮದುವೆಯಾಗಿ ಈ ಗುಡ್ಡದ ಮನೆಗೆ ಬಂದು ಒಂಬತ್ತು ತಿಂಗಳಾಗಿದ್ದರೂ, ಅತ್ತೆಯ ಎದುರು ತಲೆ ಎತ್ತಿ ನಿಂತದ್ದು ಇದೇ ಮೊದಲು.

"ಕ್ರೋ ಹೊಡೆದೆ ಅತ್ತೆ. ಒಂದೇ ಗುಂಡಿಗೆ. ಮೇಲಿನ ಬೀಳು ಹೊಲದಲ್ಲಿ ಒಂದೇ ಕೂತಿತ್ತು."

ಅಂದು ಬೆಳಗಿನ ಜಾವ ಆಗತಾನೇ ಹುಟ್ಟಿದ ಕುರಿಮರಿಯೊಂದರ ಕಣ್ಣನ್ನು ಕ್ರೋ ಕುಕ್ಕಿ ತಿಂದುಹಾಕಿತ್ತು. ಗಂಡ ಅಮೋಸ್ ಬಂದೂಕನ್ನು ಅವಳ ಕೈಗಿತ್ತು, "ಕ್ರೋ ಕಂಡ್ರೆ ಹೊಡಿ. ರೂಕ್ ತಂಟೆಗೆ ಮಾತ್ರ ಹೋಗ್ಬೇಡ," ಎಂದಿದ್ದ. ಎರಡೂ ಕಪ್ಪು, ಎರಡೂ ಕಾ ಅನ್ನುತ್ತವೆ, ಗೊತ್ತಾಗೋದು ಹೇಗೆ ಎಂದು ಅವಳು ಕೇಳಿದ್ದಕ್ಕೆ ನಕ್ಕು, ಈ ಸೀಮೆಯ ಮಕ್ಕಳೆಲ್ಲ ಬಾಯಿಪಾಠ ಮಾಡುವ ಮಾತನ್ನೇ ಹೇಳಿದ್ದ: "ಹತ್ತು ಕ್ರೋ ಒಟ್ಟಿಗೆ ಕಂಡ್ರೆ ಅವು ರೂಕ್. ಒಂದೇ ಒಂದು ರೂಕ್ ಕಂಡ್ರೆ ಅದು ಕ್ರೋ."

ಥರ್ಜಾ ಹೆಣಿಗೆಯ ಕಡ್ಡಿಯಿಂದ ಹಕ್ಕಿಯ ತಲೆಯನ್ನು ಬೆಳಕಿನ ಕಡೆಗೆ ಹೊರಳಿಸಿದಳು. ಕೊಕ್ಕಿನ ಬುಡದಲ್ಲಿ ಪುಕ್ಕವಿರಲಿಲ್ಲ. ಬೂದಿ ಬಳಿದಂಥ ಬೋಳು ಚರ್ಮ, ಹಳೆಯ ಮೂಳೆಯ ಬಣ್ಣ.

"ಕ್ರೋ ಆಗಿದ್ರೆ ಇಲ್ಲೆಲ್ಲ ಕಪ್ಪು ಪುಕ್ಕ ಇರ್ತಿತ್ತು. ಇದು ರೂಕ್ ಕಣೇ."

"ಏನೀಗ? ಎರಡೂ ಕಾಗೆ ಜಾತೀನೇ ತಾನೆ?"

"ನಿಮ್ಮ ಪೇಟೇಲಿ ಇರ್ಬೋದು. ಕ್ರೋ ಅಂದ್ರೆ ನೆಂಟರಿಲ್ಲ, ಇಷ್ಟರಿಲ್ಲ, ಸತ್ತಿದ್ದನ್ನ ತಿಂದ್ಕೊಂಡು ತಿರುಗೋದು. ರೂಕ್ ಅಂದ್ರೆ ಒಂದು ಊರು. ಅದಕ್ಕೆ ಮನೆ ಇದೆ, ನೆರೆಹೊರೆ ಇದೆ."

ಡೊರೀನ್‌ಗೆ ರೇಗಿತು. "ನಮ್ಮ ಬೀದೀಲಿ ಇಸ್ಪೀಟಾಟದಲ್ಲಿ ಮೋಸ ಮಾಡೋನಿಗೆ ರೂಕ್ ಅಂತಿದ್ರು. ಅಂಥಾ ಮರ್ಯಾದಸ್ಥ ಹೆಸರೇನೂ ಅಲ್ಲ ಅದು."

"ನಿಮ್ಮ ಬೀದಿಯವ್ರು ಹಕ್ಕಿ ಯಾವತ್ತು ನೋಡಿದ್ರು? ನೆಟ್ಟಗಿರೋ ದಾರಿಗೆ ಕ್ರೋ ಹಾರಿದ ಹಾಗೆ ಅಂತಾರೆ. ಸಂಜೆ ನೆಟ್ಟಗೆ ಮನೆಗೆ ಹಾರೋದು ರೂಕ್. ಕ್ರೋಗೆ ಹೋಗೋಕೆ ಮನೆ ಎಲ್ಲಿದೆ? ಹೊಲದ ಬೆದರುಬೊಂಬೆಗೂ ಸ್ಕೇರ್‌ಕ್ರೋ ಅಂತ ಕ್ರೋ ಹೆಸರೇ. ಅದು ಹೆದರಿಸೋದು ರೂಕನ್ನ. ಹೆಸರಿಡೋರಿಗೆ ಕಣ್ಣಿರ್ಲಿಲ್ಲ."

"ಪಕ್ಕದ ಜಮೀನಿನವ್ರು ಮೇ ತಿಂಗಳಲ್ಲಿ ಇದರ ಮರಿ ಹೊಡೆದು ಬೇಯಿಸಿ ತಿನ್ನಲ್ವಾ?"

"ಅವ್ರು ಅವಕ್ಕೆ ಹೇಳಿ ಹೊಡೀತಾರೆ."

ಥರ್ಜಾ ಕುರ್ಚಿಯಲ್ಲಿ ಕುಳಿತಳು. ಅವಳ ದನಿಯಲ್ಲಿದ್ದ ಕೊಂಕು ಇಳಿದುಹೋಗಿತ್ತು. "ನನ್ನ ಗಂಡ ಸತ್ತ ದಿನ, ಹೆಣ ತೊಳೆಯೋಕ್ ಮೊದ್ಲೇ ನಾನು ರೂಕ್ ಗೂಡಿರೋ ಎಲ್ಮ್ ಮರಗಳ ಕೆಳಗೆ ಹೋಗಿ ನಿಂತೆ. ಯಜಮಾನ ಹೋದ, ಇನ್ಮೇಲೆ ಅಮೋಸ್ ಯಜಮಾನ, ಅಂತ ಕೂಗಿ ಹೇಳಿದೆ. ಅದಕ್ಕೇ ಅವು ಉಳಿದ್ವು. ನನ್ನ ತಂಗಿ ಮನೇಲಿ ಯಾರೂ ಹೇಳ್ಲಿಲ್ಲ. ಮರ ಖಾಲಿ ಆಯ್ತು. ಆ ವರ್ಷವೇ ತೊಟ್ಟಿಲೂ ಖಾಲಿ ಆಯ್ತು." ಅವಳ ಕಣ್ಣು ಸೊಸೆಯ ಐದು ತಿಂಗಳ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತು ಸರಿಯಿತು.

"ಹಾಗಾದ್ರೆ ಇದೊಂದೇ ಯಾಕೆ ಒಂಟಿಯಾಗಿತ್ತು?"

"ಒಂಟಿ ಮಾಡಿರ್ತಾವೆ. ಸುತ್ತ ಕೂತು ಪಂಚಾಯ್ತಿ ಮಾಡ್ತಾವೆ ಅವು. ನಾನೇ ಒಂದ್ಸಲ ಕಂಡಿದ್ದೀನಿ." ಥರ್ಜಾ ಪತ್ರಿಕೆಯ ಅಂಚುಗಳನ್ನು ಮಡಿಸಿ ಹಕ್ಕಿಯನ್ನು ಮುಚ್ಚಿದಳು. "ನೀನೇ ಹೋಗಿ ಹೇಳ್ಬೇಕು. ನಿನ್ನ ಬಾಯಲ್ಲೇ."

ಡೊರೀನ್ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಅಮೋಸ್ ಪೊಟ್ಟಣವನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ, ಹಾಲಿನ ಕೋಣೆಯ ತಣ್ಣನೆಯ ಕಲ್ಲಿನ ಮೇಲಿಟ್ಟು ಬಂದ. "ಬಿಡಮ್ಮ, ಹಳೇ ಕಾಲದ ಮಾತು," ಎಂದ. ಆದರೆ ಮರಗಳು ಕಾಣುವ ಕಿಟಕಿಗೆ ಬೆನ್ನು ಹಾಕಿ ಕುಳಿತೇ ಉಂಡ.

ಮರುದಿನ ಡೊರೀನ್‌ಗೆ ಎಚ್ಚರವಾದದ್ದು ಸದ್ದಿಲ್ಲದೆ ಇದ್ದುದಕ್ಕೆ. ದಿನವೂ ಬೆಳಕು ಹರಿಯುವ ಮೊದಲೇ ಎಲ್ಮ್ ಮರಗಳಲ್ಲಿ ಸಂತೆ ನೆರೆಯುತ್ತಿತ್ತು. ಅದನ್ನು ಶಪಿಸುತ್ತಲೇ ಅವಳು ಏಳುತ್ತಿದ್ದಳು. ಈಗ ಅಮೋಸ್ ಬೂಟಿನ ದಾರ ಎಳೆದು ಕಟ್ಟುವ ಸದ್ದು ಕೂಡ ಕೇಳುತ್ತಿತ್ತು. ಕಿಟಕಿಯ ಆಚೆ ಎಲೆ ಚಿಗುರದ ಕೊಂಬೆಗಳಲ್ಲಿ ನೂರು ಗೂಡುಗಳು. ಅವುಗಳಲ್ಲಿ ಮೊಟ್ಟೆಗಳಿದ್ದವು, ಕಾವು ಕೊಡುವ ಹಕ್ಕಿ ಒಂದೂ ಇರಲಿಲ್ಲ.

"ಮೇಯೋಕ್ ಹೋಗಿರ್ತಾವೆ," ಎಂದ ಅಮೋಸ್.

"ಎಲ್ಲಾನೂನಾ?"

ಅವನು ಕುರಿಗಳತ್ತ ನಡೆದ.

ಡೊರೀನ್ ಅವನಿಗೆ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಹದಿನೈದು ದಿನಗಳಿಂದ ಹೊಟ್ಟೆಯಲ್ಲಿ ಮಗು ಮೀನಿನಂತೆ ಮಿಸುಕುತ್ತಿತ್ತು. ಗುಂಡು ಹಾರಿಸಿದ ಗಳಿಗೆಯಿಂದ ಅದು ಮಿಸುಕಿರಲಿಲ್ಲ. ತಣ್ಣನೆಯ ಹಾಲು ಕುಡಿದು ಎಡಮಗ್ಗುಲಿಗೆ ಮಲಗಿ ನೋಡಿದ್ದಳು. ಅಂಗೈಯಿಂದ ಮೆಲ್ಲಗೆ ಒತ್ತಿ, "ಏಯ್, ಏಳೋ" ಎಂದು ಕರೆದಿದ್ದಳು. ಸೂಲಗಿತ್ತಿ ನರ್ಸ್ ಬರುವುದು ಗುರುವಾರ. ಇನ್ನೂ ಎರಡು ದಿನ.

ಅವಳು ಹಾಲಿನ ಕೋಣೆಯಿಂದ ಪೊಟ್ಟಣವನ್ನು ತೆಗೆದುಕೊಂಡು ಗುಡ್ಡ ಹತ್ತಿದಳು. ಹೊಡೆದ ಜಾಗದಲ್ಲೇ ಹೂತು ಬರೋಣ, ಅಷ್ಟು ಮಾಡಿದರೆ ಮುದುಕಿಗೂ ಸಮಾಧಾನ ಎಂದು ತನಗೆ ತಾನೇ ಹೇಳಿಕೊಂಡಳು. ಕೈಗೆ ಸಲಿಕೆ ತರುವುದನ್ನು ಮರೆತದ್ದು ಬೀಳು ಹೊಲದ ಏರಿ ದಾಟಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಅವು ಕಂಡವು.

ಇನ್ನೂರು ಇದ್ದಾವು. ಒದ್ದೆ ಹುಲ್ಲಿನ ಮೇಲೆ ದುಂಡಗೆ ಕೂತಿದ್ದವು, ಸಾಲಿನ ಹಿಂದೆ ಸಾಲು, ಎಲ್ಲದರ ಬೋಳು ಮುಖವೂ ಒಳಮುಖ. ಒಂದೂ ಕಾ ಅನ್ನಲಿಲ್ಲ, ಒಂದೂ ರೆಕ್ಕೆ ಕೊಡವಲಿಲ್ಲ. ನಡುವೆ ಯಾವ ಹಕ್ಕಿಯೂ ಇರಲಿಲ್ಲ. ಎರಡು ಮಾರು ಬರಿಯ ಹುಲ್ಲು. ಅಲ್ಲೊಂದು ಕಪ್ಪು ಪುಕ್ಕ, ನಿನ್ನೆಯದು, ಇಬ್ಬನಿಯಲ್ಲಿ ಅಂಟಿಕೊಂಡಿತ್ತು.

ಓಡಬೇಕೆಂದು ಅವಳಿಗೆ ಅನಿಸಿತು. ಕಾಲುಗಳು ಮುಂದಕ್ಕೇ ಹೋದವು. ಅವಳು ಹತ್ತಿರವಾದಂತೆ ಹಕ್ಕಿಗಳು ಹಾರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ನಡೆದು, ಒಬ್ಬಳು ಹೋಗುವಷ್ಟು ಜಾಗ ಬಿಟ್ಟವು. ಹಿಂದಿನಿಂದ ಆ ಜಾಗ ಮುಚ್ಚಿಕೊಂಡದ್ದು ತಿರುಗಿ ನೋಡದೆಯೂ ತಿಳಿಯಿತು. ನಡುವೆ ಮೊಣಕಾಲೂರಿ ಪೊಟ್ಟಣ ಬಿಚ್ಚಿ, ಹಕ್ಕಿಯನ್ನು ಪುಕ್ಕದ ಪಕ್ಕ ಇಟ್ಟಳು.

"ನಾನೇ ಹೊಡೆದಿದ್ದು," ಎಂದಳು. "ಡೊರೀನ್ ಅಂತ. ಕೆಳಗಿನ ಮನೆ ಅಮೋಸನ ಹೆಂಡತಿ. ಒಂದೇ ಕೂತಿತ್ತಲ್ಲ, ಕ್ರೋ ಅಂದ್ಕೊಂಡೆ. ಇಲ್ಲೀ ಲೆಕ್ಕ ನಂಗೆ ಗೊತ್ತಾಗಲ್ಲ. ಯಾರೂ ಹೇಳ್ಕೊಡಲ್ಲ. ನಂಗೆ ಇಲ್ಲಿ ಯಾರೂ ಇಲ್ಲ." ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ತನ್ನ ತಂಗಿಗೆ ಬರೆದ ಕಾಗದಗಳಲ್ಲೂ ಬರೆದಿರಲಿಲ್ಲ. "ಮಗೂನ ಬಿಟ್ಬಿಡಿ."

ಎಷ್ಟು ಹೊತ್ತು ಹೋಯಿತೋ. ಮೊಣಕಾಲಿಗೆ ಹುಲ್ಲಿನ ತಣ್ಣನೆಯ ನೀರು ಇಳಿಯಿತು. ಮುಂದಿನ ಸಾಲಿನ ಹಕ್ಕಿಯೊಂದು ಹೊರಬಂದು, ಸತ್ತದ್ದನ್ನು ಸುತ್ತುಹಾಕಿ, ಅದರ ಎದೆಯ ಒಂದು ಸಣ್ಣ ಪುಕ್ಕವನ್ನು ಕಿತ್ತು ಕೊಕ್ಕಿನಲ್ಲಿ ಹಿಡಿದು, ಅವಳ ಮುಖವನ್ನು ಒಂದು ಕಣ್ಣಿಂದ ನೋಡಿತು.

ಆಗ ಹೊಟ್ಟೆಯೊಳಗೆ ಜೋರಾಗಿ ಒಂದು ಒದೆ ಬಿತ್ತು. ಅವಳು "ಅಮ್ಮಾ" ಎಂದು ಕೂಗಿ ಹೊಟ್ಟೆ ಹಿಡಿದುಕೊಂಡಳು. ಅದೇ ಕ್ಷಣಕ್ಕೆ ದಪ್ಪ ಬಟ್ಟೆ ಹರಿದಂಥ ಸದ್ದಿನೊಂದಿಗೆ ಇಡೀ ಹೊಲವೇ ಮೇಲೆದ್ದಿತು.

ಹೊಲದ ಗೇಟಿನ ಬಳಿ ಥರ್ಜಾ ಶಾಲು ಹೊದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ದಾರಿ ಬಿಟ್ವಾ?"

"ಹ್ಞೂಂ."

"ಮಗು?"

ಮಗು ಅಲುಗದ ಸಂಗತಿ ತಾನು ಯಾರಿಗೂ ಹೇಳಿರಲಿಲ್ಲವೆಂಬುದು ಡೊರೀನ್‌ಗೆ ಹೊಳೆದದ್ದು ಉತ್ತರ ಕೊಟ್ಟ ಮೇಲೆಯೇ. "ಒದೀತು ಅತ್ತೆ."

ಥರ್ಜಾ ಕಣ್ಣು ಮುಚ್ಚಿ ತೆರೆದಳು. ಕೆಳಗೆ ಎಲ್ಮ್ ಮರಗಳು ಕಪ್ಪಗೆ ತುಂಬಿಕೊಂಡು, ನೂರು ಜಗಳಗಳು ಒಟ್ಟಿಗೆ ಶುರುವಾಗಿದ್ದವು. ಹಿಂದಿನಿಂದ ಮಾತ್ರ ಹುಲ್ಲು ಸರಸರ ಎಂದಿತು. ಡೊರೀನ್ ತಿರುಗಿದಳು. ಹತ್ತು ಹೆಜ್ಜೆ ದೂರದಲ್ಲಿ ಒಂದು ಹಕ್ಕಿ ಹಾರದೆ, ಅವಳು ಬಂದ ಜಾಡಿನಲ್ಲೇ ನಡೆದು ಬರುತ್ತಿತ್ತು. ಅದರ ಬೆನ್ನ ಹಿಂದೆ ಸೂರ್ಯನಿದ್ದುದರಿಂದ ಕೊಕ್ಕಿನ ಬುಡ ಕಾಣಲಿಲ್ಲ.

"ಅತ್ತೆ, ಅದು ಯಾವುದು? ರೂಕಾ, ಕ್ರೋನಾ?"

ಥರ್ಜಾ ನೋಡಲಿಲ್ಲ. "ನಡಿ," ಎಂದು ಗೇಟು ಎಳೆದು ಹಾಕಿ, ಸೊಸೆಯ ಕೈ ಹಿಡಿದಳು. ಒರಟಾದ, ಬೆಚ್ಚನೆಯ ಅಂಗೈ.

ಅಂಗಳ ತಲುಪಿದರೂ ಡೊರೀನ್ ಆ ಕೈ ಬಿಡಲಿಲ್ಲ. ಹಕ್ಕಿ ಅಂಗಳದ ಗೇಟಿನ ಕೆಳಪಟ್ಟಿಯಡಿ ತಲೆ ತಗ್ಗಿಸಿ ನುಸುಳಿತು. ಒದ್ದೆ ಕಲ್ಲುಹಾಸಿನ ಮೇಲೆ, ಇಬ್ಬರ ಹೆಜ್ಜೆಗುರುತುಗಳ ಪಕ್ಕಪಕ್ಕದಲ್ಲೇ, ಅವಸರವಿಲ್ಲದೆ ಹೆಜ್ಜೆಯಿಡುತ್ತ ಬಾಗಿಲಿನ ಕಡೆಗೆ ಬಂತು.